ಪದ್ಯಕ್ಕೆ ಮೊದಲು

ಜೂನಿನಲ್ಲಿ ಮಲ್ಪೆಗೆ ಕೆಲಸವಿಲ್ಲ.
ಬೋಟುಗಳೆಲ್ಲ ಧಕ್ಕೆಯಲ್ಲಿ ಭುಜಕ್ಕೆ ಭುಜ ಕೊಟ್ಟು
ತೂಕಡಿಸುತ್ತವೆ. ನನ್ನ ಅಂಗಡಿಯಲ್ಲಿ
ಎರಡು ವಯರ್‌ಲೆಸ್ಸು, ಮೀನು ಹುಡುಕುವ ಒಂದು ಪರದೆ,
ಹಬೆ ಕಟ್ಟಿದ ಭೂತಗನ್ನಡಿ.

ಆಗ ವಾರಿಜಕ್ಕ ಬಂದದ್ದು,
ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟದ್ದು:
ಸಾಬೂನಿನಷ್ಟು ದೊಡ್ಡ ಹಾಡಿನ ಪೆಟ್ಟಿಗೆ.
ಮಸ್ಕತ್ತಿನಿಂದ ಬಂದ ಯಾರೋ ಮಾರಿದ್ದು,
ಕಂತಿನಲ್ಲಿ ಕೊಂಡದ್ದು, ಹದಿನಾರು ವರ್ಷವಾದರೂ
ಕೊನೆಯ ಕಂತು ಬಾಕಿ.
"ಅವ ಕೇಳ್ಲಿಲ್ಲ, ನಾನು ಕೊಡ್ಲಿಲ್ಲ."

ಬ್ಯಾಟರಿ ಉಬ್ಬಿ ಹೊಟ್ಟೆ ಬಂದಿತ್ತು ಅದಕ್ಕೆ.
ಇಯರ್‌ಫೋನಿನ ತೂತಿನಲ್ಲಿ ಹಸಿರು ಕಿಲುಬು.
ಒತ್ತಿದರೆ ಪರದೆಯಲ್ಲಿ ಒಂದು ಸಪ್ಪೆ ಮೋರೆ ಮೂಡಿ
ಟಿಕ್ ಟಿಕ್ ಎಂದು ಆರುತ್ತಿತ್ತು.
"ಇದರಲ್ಲಿ ಎಂಥ ಉಂಟು?"
"ಅರುವತ್ತು ರಾತ್ರಿ ಉಂಟು."
ತಾಳಮದ್ದಳೆ. ಒಂದೊಂದೂ ಬೆಳಗಿನವರೆಗೆ.

ಫೋನಿಗೆ ಹಾಕಿ ಕೊಡುತ್ತೇನೆ ಅಂದೆ.
"ಬೇಡ ಮಾರಾಯ. ಫೋನಾದರೆ
ಆಚೆಯಿಂದ ಜನ ಮಾತಾಡ್ತಾರೆ.
ಮತ್ತೆ, ಬಲದ ಕಿವಿಯದ್ದು ಸರಿಯಾದರೆ ಸಾಕು.
ಎಡದ್ದು ಏಲಂಗೆ."

ರದ್ದಾದ ಎಟಿಎಂ ಕಾರ್ಡಿನ ಅಂಚು ತೂರಿಸಿ
ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿದೆ,
ಮರುವಾಯಿ ಬಿಡಿಸುವ ಹಾಗೆ.
ಒಳಗೆ, ಬ್ಯಾಟರಿಗೂ ಹಸಿರು ಹಲಗೆಗೂ ನಡುವೆ
ಒಂದು ಬೂತಾಯಿ ಹುರುಪೆ,
ಒಣಗಿ, ಅಭ್ರಕದಂತೆ ಹೊಳೆಯುತ್ತ.
ಎಲ್ಲಿಂದ ನುಗ್ಗಿತೋ. ನುಗ್ಗುವವರಿಗೆ
ಕೂದಲೆಳೆಯ ಬಿರುಕು ಸಾಕು.

ಬಿಡಿಭಾಗ ಬರಲು ಇಪ್ಪತ್ತಮೂರು ದಿನ.
ಬ್ಯಾಟರಿ ಒಂದು ಊರಿಂದ, ಉಗುರಿನಷ್ಟು ಕಾರ್ಡು ಮತ್ತೊಂದರಿಂದ,
ಕಾರ್ಡು ಕೂರಿಸುವ ಪುಟ್ಟ ಹಲಗೆ ಚೀನಾದಿಂದ,
ಲಕೋಟೆಯ ಮೇಲೆ ನನ್ನ ಹೆಸರೂ ತಪ್ಪು, ಊರೂ ತಪ್ಪು,
ಪಿನ್‌ಕೋಡು ಮಾತ್ರ ಸರಿ.
ದಿನಾ ಮಧ್ಯಾಹ್ನ ವಾರಿಜಕ್ಕ
ಒಣಮೀನಿನ ಬುಟ್ಟಿ ಮೆಟ್ಟಿಲಲ್ಲಿ ಇಳಿಸಿ ಕೇಳುವಳು,
"ಎಲ್ಲಿಗೆ ಮುಟ್ಟಿತು?"
ಆಸ್ಪತ್ರೆಯಲ್ಲಿ ಕೇಳುವ ದನಿಯಲ್ಲಲ್ಲ,
ದೋಣಿ ಕಟ್ಟುವಲ್ಲಿ ಕೇಳುವ ದನಿಯಲ್ಲಿ.

ಹಳೆಯ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಒಂದು ರಾತ್ರಿ ಐಸಿನಲ್ಲಿಟ್ಟೆ. ಇಲ್ಲಿ ಎಲ್ಲದಕ್ಕೂ
ಅದೇ ಮದ್ದು. ತಣ್ಣಗಿರುವಷ್ಟು ಹೊತ್ತು
ಓದಿ ಕೊಟ್ಟಿತು ಪಾಪ,
ನಲವತ್ತೊಂದು ರಾತ್ರಿ. ಉಳಿದದ್ದು ಹೋಯಿತು.
ಒಂದರಲ್ಲಿ ಅರ್ಥಧಾರಿ "ಆದರೆ" ಅಂದಲ್ಲಿಗೇ ನಿಂತಿದೆ.
ಆ ಆದರೆಯ ಮುಂದೆ ಏನಿತ್ತೋ, ಎರಡು ದಿನ
ಊಟದ ಹೊತ್ತಿಗೆಲ್ಲ ಅದೇ ಯೋಚನೆ ನನಗೆ.

ಬ್ಯಾಟರಿ ಹೊಸತು, ಕಾರ್ಡು ಹೊಸತು,
ಇಯರ್‌ಫೋನಿನ ಪಟ್ಟಿ ಹೊಸತು.
ಹಳೆಯದೆಂದರೆ ಹಸಿರು ಹಲಗೆ, ಗೀರುಬಿದ್ದ ಬೆನ್ನು.
ಮುಚ್ಚುವ ಮೊದಲು ಚಿಮಟದಲ್ಲಿ ಹಿಡಿದು
ಹುರುಪೆಯನ್ನು ಇದ್ದಲ್ಲೇ ಇಟ್ಟೆ.
ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.

ಬಲಗಿವಿಗೆ ಸಿಕ್ಕಿಸಿದಳು. ಹೆಬ್ಬೆರಳು ಚಕ್ರದ ಮೇಲೆ.
ಭಾಗವತರು ಎತ್ತಿದರು, ಚೆಂಡೆ ಬಿತ್ತು,
ನನಗೂ ಸಣ್ಣಗೆ ಕೇಳುತ್ತಿತ್ತು.
ಆದರೂ ಅವಳು ಪೆಟ್ಟಿಗೆಯನ್ನು ಅಂಗೈಯಲ್ಲಿ ತೂಗಿದಳು,
ಕೆನ್ನೆಗೆ ಒತ್ತಿ ನೋಡಿದಳು.
"ಇದು ಉಸಿರು ತಗೊಳ್ಳುದಿಲ್ಲಲ್ಲ?"

"ಮೊದಲು ಸೊಂಟದ ಹತ್ತಿರ ಒಂದು ನಡುಕ ಬರ್ತಿತ್ತು.
ಪದ್ಯ ಎತ್ತುವ ಮೊದಲು ಭಾಗವತರು
ಎದೆ ತುಂಬಿಸಿಕೊಳ್ಳುದಿಲ್ವ, ಹಾಗೆ.
ಒಟ್ಟಿಗೆ ನಾನೂ ತಗೊಳ್ತಿದ್ದೆ."

ಹೇಳಿದೆ: ಆಗ ಒಳಗೆ ಬಿಲ್ಲೆ ತಿರುಗುತ್ತಿತ್ತು ಅಕ್ಕ.
ಈಗ ತಿರುಗುವಂಥದ್ದು ಒಂದೂ ಇಲ್ಲ.
"ಹೌದಾ," ಅಂದಳು.
ನಾನೂರು ಕೊಟ್ಟಳು. ಉಳಿದದ್ದು
ಬೋಟು ಹೋದ ಮೇಲೆ, ಬಂಗುಡೆಯಲ್ಲಿ.

ಈಗ ಆಗಸ್ಟು. ಬೆಳಿಗ್ಗೆ ಐದಕ್ಕೆ ಧಕ್ಕೆಯಲ್ಲಿ
ಐಸಿನ ನೀರು ಹರಿಯುವ ಗದ್ದಲದ ನಡುವೆ ಕಂಡೆ.
ಎಡಗಿವಿಯಲ್ಲಿ ಏಲಂ, ಬಲಗಿವಿಯಲ್ಲಿ ಯಾವ ರಾಜನ ಸಭೆಯೋ.
ದರ ಕೂಗುವ ಮೊದಲು
ಕಣ್ಣು ಮುಚ್ಚಿ, ಎದೆ ತುಂಬ,
ಎರಡು ಜನಕ್ಕಾಗುವಷ್ಟು ಉಸಿರೆಳೆದಳು.

ಬಂಗುಡೆ ಇನ್ನೂ ಬಂದಿಲ್ಲ.
ನಾನು ಕೇಳಲಿಲ್ಲ.