ಏಳು ಕೈ

ಮೂವತ್ತೊಂದು ವರ್ಷ ಹೈಸ್ಕೂಲ್ ಮೈದಾನದಲ್ಲಿ
ಓಡಿ, ಓಡ್ರೇ ಎಂದು ಗಂಟಲು ಹರಿದುಕೊಂಡವಳು ನಾನು.
ಈಗ ಬೈತಖೋಲದಲ್ಲಿ, ಒಣಮೀನು ತುಂಬಿಟ್ಟ ಮೇಲೆ
ಖಾಲಿಯಾಗುವ ಸಿಮೆಂಟ್ ಅಂಗಳದಲ್ಲಿ
ಯಾರು ಓಡಿದರೂ ಸೀಟಿ ಊದುತ್ತೇನೆ.

ನಿಯಮ ನಮ್ಮವೇ. ಎರಡು ಸಂಜೆ ಜಗಳಾಡಿ ಮಾಡಿದ್ದು:
ನಡೆಯಬೇಕು. ಹಾರಿದರೆ ಫೌಲು.
ಚೆಂಡು ಒಮ್ಮೆ ಪುಟಿದೆದ್ದರೂ ಹಿಡಿಯಬಹುದು.
ಭುಜಕ್ಕಿಂತ ಮೇಲೆ ಕೈ ಬೇಡ,
ಇದು ಮಂಕಾಳಿಗಾಗಿ:
ನಲವತ್ತು ವರ್ಷ ಬಂಗಡೆ ಬುಟ್ಟಿ ಎತ್ತಿದ ಕೈ
ಈಗ ತುರುಬಿನವರೆಗೂ ಹೋಗುವುದಿಲ್ಲ.
ಕೊನೆಯದು ಫಿಲೊಮಿನಾ ಹಠ ಹಿಡಿದು ಸೇರಿಸಿದ್ದು:
ಏಳೂ ಕೈ ಮುಟ್ಟದೆ ಚೆಂಡು ಬಲೆ ದಾಟಬಾರದು.

ಬಲೆ ಎಂದರೆ ಬಲೆಯೇ,
ದೋಣಿಯವರು ಬಿಸಾಡಿದ್ದು, ಎದೆಯೆತ್ತರಕ್ಕೆ ಕಟ್ಟಿದ್ದು.
ಸ್ಪಂಜಿನ ಚೆಂಡಿಗೆ ಮೊದಲ ವಾರವೇ ಹುರುಪೆ ಅಂಟಿ
ಸಂಜೆ ಬಿಸಿಲಿಗೆ ಅದೂ ಮಿನುಗುತ್ತದೆ. ವಾಸನೆ ಬೇರೆ.

ನಾಗವೇಣಿ ಮೂಲೆಯಲ್ಲಿ
ಪ್ಲಾಸ್ಟಿಕ್ ಕುರ್ಚಿ ಹಿಡಿದು ನಿಲ್ಲುತ್ತಾಳೆ.
ಎಡ ಮಂಡಿಯಲ್ಲಿ ಸ್ಟೀಲು.
ಚೆಂಡು ಅವಳ ಕೈಗೆ ಬಂದರೆ ಅವಸರವಿಲ್ಲ,
ತೂಗುತ್ತಾಳೆ, ಇಸ್ವಾಣ ತೂಗಿದ ಹಾಗೆ,
ಆಮೇಲೆ ಕೊಡುತ್ತಾಳೆ
ಯಾರಿಗೆ ಕೊಡಬೇಕೋ ಅವರಿಗೆ.

ಮೊನ್ನೆ ಅವಳು ಬರಲಿಲ್ಲ. ಜ್ವರ.
ಆರು ಕೈಯಲ್ಲೇ ಆಡೋಣ ಎಂದೆ.
"ನಿಯಮ ಅಂದ್ರೆ ನಿಯಮ" ಎಂದಳು ಮಂಕಾಳಿ,
ಥೇಟು ನನ್ನದೇ ದನಿಯಲ್ಲಿ.
ಹದಿಮೂರು ಹೆಂಗಸರು ಮತ್ತು ನಾನು
ಸೆರಗು ಸೊಂಟಕ್ಕೆ ಸಿಕ್ಕಿಸಿ
ಗಲ್ಲಿ ಹಿಡಿದು ಅವಳ ಮನೆಗೆ ನಡೆದೆವು.

ಆರು ಕೈ ದಾಟಿ ಚೆಂಡು ಜಗಲಿ ಹತ್ತಿತು.
ಚಾದರದೊಳಗಿಂದ ಒಂದು ಕೈ ಬಂತು,
ಹಿಡಿಯಿತು, ತೂಗಿತು.
ಎಸೆತ ಅಂದರೆ ಎಸೆತ ಮಾರಾಯ್ರೆ!
ನಮ್ಮೆಲ್ಲರ ತಲೆ ಮೇಲೆ ಹಾರಿ
ಪಕ್ಕದ ಮನೆಯ ತುಳಸಿಕಟ್ಟೆಗೆ ಬಡಿದು
ಗಟಾರದ ಕಡೆ ಉರುಳಿತು.

ಗಟಾರ ಹೋಗುವುದು ಸಮುದ್ರಕ್ಕೆ.
ಚೆಂಡಿಗೆ ನೂರಾ ಎಂಬತ್ತು ರೂಪಾಯಿ,
ಚಂದಾ ಎತ್ತಿ ತಂದದ್ದು.
ಆಮೇಲೆ ಏನಾಯಿತೋ, ನನಗೆ ಗೊತ್ತಿಲ್ಲ.

ಹಿಂದಿನಿಂದ ಸೀಟಿ ಕೇಳಿಸಿತು.
ನನ್ನ ಸೀಟಿ ನನ್ನ ಕೊರಳಲ್ಲೇ ಇತ್ತು.
ಮಂಕಾಳಿ, ಎರಡು ಬೆರಳು ಬಾಯಿಗಿಟ್ಟು,
ದೂರದ ದೋಣಿ ಕರೆಯುವ ಹಾಗೆ ಊದಿ:
"ಟೀಚರು ಓಡಿದ್ರು! ಫೌಲು!"

ಗಟಾರದ ಅಂಚಿನಲ್ಲಿ ಏದುಸಿರು ಬಿಡುತ್ತ
ಚೆಂಡು ಕಂಕುಳಲ್ಲಿ ಅವುಚಿಕೊಂಡು ಹೇಳಿದೆ:
ಕೈ ಭುಜ ದಾಟಿತ್ತು, ನಾಗವೇಣಿಯದೂ ಫೌಲು.
ಒಳಗಿಂದ ಅವಳು: "ಮಲಗಿದವಳಿಗೆ ಭುಜ ಎಲ್ಲಿ,
ಮೇಲೆ ಎಲ್ಲಿ, ಕೆಳಗೆ ಎಲ್ಲಿ?"

ಆ ಪಾಯಿಂಟು
ಇವತ್ತಿಗೂ ಇತ್ಯರ್ಥವಾಗಿಲ್ಲ.