ಒಂದು ಗೇಣು ಬಿಟ್ಟು

ನನ್ನನ್ನು ಕರೆದದ್ದು ಕೈಚಳಕಕ್ಕಲ್ಲ, ಮೈಯಳತೆಗೆ.
ಉಪ್ಪಳ ಪೇಟೆಯಲ್ಲಿ ಜೀಪಿನ ಸೀಟು ಹೊಲಿಯುವವಳು,
ನಾಲ್ಕೂ ಮುಕ್ಕಾಲಡಿ, ನಲವತ್ತು ಕಿಲೋ.
"ಗಂಡಸರ ಭುಜ ಅದರೊಳಗೆ ಇಳಿಯುವುದಿಲ್ಲ ಬೇಬಿಯಕ್ಕ"
ಎಂದರು ದೂಮಪ್ಪ ಕರ್ಕೇರರು, ಊರಿಗೇ ಕೇಳುವ ಹಾಗೆ.
ಅವರ ಮಾತೆಲ್ಲ ಈಗ ಹಾಗೇ:
ಇಪ್ಪತ್ತಾರು ವರ್ಷ ಇಂಜಿನ್ನಿನ ಮೇಲೆ ಮಲಗಿದ ಕಿವಿ.

ಮಂಜೇಶ್ವರದ ಬಂದರು, ಆಟಿಯ ರಜೆ.
ಬೋಟುಗಳು ಒಂದಕ್ಕೊಂದು ಪಕ್ಕೆ ಉಜ್ಜುತ್ತ ನಿಂತಿದ್ದವು.
ಅಂದುಂಞಿ ಮೆಕ್ಯಾನಿಕ್ ಮೊದಲು ಬ್ಯಾಟರಿಯ ತಂತಿ ಬಿಚ್ಚಿ
ತುದಿಗಳಿಗೆ ಹಳೇ ಚಪ್ಪಲಿಯ ರಬ್ಬರು ಸುತ್ತಿದ.
ಅಡಿಯ ಎಣ್ಣೆನೀರು ಬಳಿದು ತೆಗೆದ.
ಮುಚ್ಚಳ ಸರಿಸಿ ಅರ್ಧ ದಿನ ಗಾಳಿಗೆ ಬಿಟ್ಟ.
ದೂಮಪ್ಪರ ಬೀಡಿಯನ್ನು ಬಾಯಿಂದಲೇ ಕಿತ್ತು ಕಡಲಿಗೆಸೆದ.
ನನ್ನ ಸೊಂಟಕ್ಕೆ ಹಗ್ಗ, ಇನ್ನೊಂದು ತುದಿ ಅವನ ಮಣಿಕಟ್ಟಿಗೆ.
"ನೂರು ಎಣಿಸಿ ಒಮ್ಮೆ ಎಳೆ.
ಎಳೆಯದಿದ್ದರೆ ಏನೂ ಕೇಳುವುದಿಲ್ಲ,
ಎತ್ತಿ ಹಾಕುತ್ತೇನೆ."

ಒಳಗೆ ಮೊಣಕೈಗೊಂದು ದಿಕ್ಕು, ಮೂಗಿಗೊಂದು ದಿಕ್ಕು.
ಆರು ಸಿಲಿಂಡರಿನ ಇಂಜಿನ್ನು ಮಲಗಿದ ಎಮ್ಮೆ;
ಅದರ ಬೆನ್ನಿಗೂ ಹಲಗೆಗೂ ನಡುವೆ ನಾನು,
ಬೆಂಕಿ ಹಿಡಿಯದ ಕಲ್ಲುಣ್ಣೆ, ಅದರ ಮೇಲೆ ಭಾರದ ರಬ್ಬರು ಹಾಳೆ,
ಕುತ್ತಿಗೆಯ ಬೆವರಿಗೆ ಅಂಟಿದ ನವೆ.
ಅಂಟು ಮಾತ್ರ ಬೇಡ ಅಂದಿದ್ದ ಅಂದುಂಞಿ.
ಅದರ ಘಾಟಿಗೆ, ತೆಂಕಣದಲ್ಲೆಲ್ಲೋ, ಒಬ್ಬ ಹುಡುಗ
ಇಂಥದೇ ಗೂಡಲ್ಲಿ ಮಲಗಿದವ ಮಲಗಿಯೇ ಹೋದನಂತೆ.
ಹೆಸರು ಹೇಳಲಿಲ್ಲ. ಹೇಳುವಾಗ ಹಗ್ಗವನ್ನು
ಮಣಿಕಟ್ಟಿಗೆ ಮತ್ತೊಂದು ಸುತ್ತು ಸುತ್ತಿದ.

ಸ್ಕ್ರೂ, ವಾಷರು, ಸೀಟಿಗೆ ಗುಂಡಿ ಹೊಡೆದ ಹಾಗೆ.
ತೊಂಬತ್ತೆಂಟು, ತೊಂಬತ್ತೊಂಬತ್ತು, ಎಳೆತ.
ಮೇಲಿಂದ ಉತ್ತರದ ಎಳೆತ.
ಗಂಡ ಹೋದ ಮೇಲೆ, ನಾನಿದ್ದೇನೆಯೇ ಎಂದು
ಇಷ್ಟು ಸಲ ಯಾರೂ ವಿಚಾರಿಸಿದ್ದಿಲ್ಲ.

ಮೂರನೆಯ ದಿನ ಗಾಳಿಕಿಂಡಿಯ ಹತ್ತಿರ ಬಂದೆ.
"ಅದನ್ನೂ ಮುಚ್ಚು!" ಮೇಲಿಂದ ಕೂಗು.
"ಅದಕ್ಕೂ ಉಸಿರು ಬೇಕು ದೂಮಪ್ಪಣ್ಣ" ಎಂದ ಅಂದುಂಞಿ,
"ಮತ್ತೆ, ಬೇರಿಂಗು ಸಾಯುವ ಮೊದಲು ನರಳುತ್ತದೆ,
ಅದು ನಮಗೆ ಕೇಳಬೇಕು."
"ನನಗೆ ಬೇರಿಂಗು ಬೇಡ. ಕಲ್ಲೂರು ಕೇಳಬೇಕು."

ಅವರಪ್ಪ ದೋಣಿಯ ಹುಟ್ಟನ್ನು ನೀರಿಗಿಳಿಸಿ
ತುದಿಗೆ ಕಿವಿಯಿಟ್ಟು ಕೂರುತ್ತಿದ್ದರಂತೆ.
ಕೆಳಗೆ ಕಲ್ಲೂರು ಮೀನಿನ ಹಿಂಡು ಗೊರಗೊರ ಅನ್ನುವುದು,
ಎಷ್ಟು ಮಾರು ಆಳ, ಯಾವ ಕಡೆ ಮುಖ.
ಹನ್ನೆರಡರ ಹುಡುಗನಿಗೂ ಒಮ್ಮೆ ಕೇಳಿಸಿದ್ದರು. ಒಮ್ಮೆ.
ಮರುವರ್ಷ ಇಂಜಿನ್ ಬಂತು.

ಆ ಕಿವಿಗೆ ಇನ್ನು ಹುಟ್ಟು ಇಟ್ಟು ಏನು,
ಅಂದುಂಞಿ ಹೇಳಲಿಲ್ಲ, ನಾನೂ.

ಕಿಂಡಿ ಬಿಟ್ಟೆ. ಒಂದು ಗೇಣು, ನನ್ನ ಗೇಣು.
ಎದುರಿಗೊಂದು ಹಲಗೆ ಓರೆಯಾಗಿ ಕೂರಿಸಿದೆ:
ಗಾಳಿ ಬಳಸಿ ಬರಲಿ,
ಸದ್ದಿಗೆ ಬಳಸುವಷ್ಟರಲ್ಲಿ ಸುಸ್ತಾಗಲಿ.
ಹೊಗೆಕೊಳವೆಯ ಸುತ್ತ ನಾಲ್ಕು ಬೆರಳು ಬರಿದು.

ಸ್ಟಾರ್ಟು ಮಾಡಿದಾಗ ಸದ್ದು ಹೋಗಲಿಲ್ಲ.
ಪಕ್ಕದ ಮನೆಗೆ ಹೋಗಿ ಅಲ್ಲಿಂದ ಮಾತಾಡಿತು.
"ಮಳೆ ಬರುತ್ತಿದೆಯಾ?" ಎಂದರು ದೂಮಪ್ಪರು,
ಮೆಲ್ಲಗೆ, ತಮ್ಮ ದನಿಗೆ ತಾವೇ ಬೆಚ್ಚಿ.
ಬರುತ್ತಿತ್ತು. ಟಾರ್ಪಾಲಿನ ಮೇಲೆ, ಬೆಳಗಿನಿಂದ.

ಕೂಲಿ ಎಣಿಸುವಾಗ
ಬಿಟ್ಟ ಗೇಣಿನ ಲೆಕ್ಕ ಮುರಿದುಕೊಂಡೇ ಕೊಟ್ಟರು.