ಇಪ್ಪತ್ತನಾಲ್ಕು ಗಂಟೆಯ ಕ್ಯಾನು

ಬೆಳಗಿನ ಮೊದಲನೆಯದನ್ನು ಚೆಲ್ಲಬೇಕು,
ಆಮೇಲಿನದೆಲ್ಲ ಹಿಡಿಯಬೇಕು
ಮರುದಿನ ಅದೇ ಹೊತ್ತಿನವರೆಗೆ, ಒಂದು ಹನಿ ಬಿಡದೆ.
ಲ್ಯಾಬಿನ ಹುಡುಗಿ ಬಿಳಿ ಕ್ಯಾನು ಕೊಟ್ಟು ಮೇಲೆ ಬರೆದಳು:
ಜಲಜಾಕ್ಷಿ, ೩೮, ಹೆಣ್ಣು.

ಉಪ್ಪಳದಿಂದ ಮಂಗಳೂರಿನ ಬಸ್ಸಿನಲ್ಲಿ
ತೊಡೆಯ ಮೇಲಿಟ್ಟು ಸೆರಗು ಮುಚ್ಚಿ ಕೂತೆ.
ಕಂಡಕ್ಟರ್ ಬಗ್ಗಿ, "ಎಂದಾ ಇದ್, ಕಳ್ಳಾಣೋ?" ಅಂದ.
ಹೌದು ಅಂದೆ.
ತಲಪಾಡಿ ದಾಟುವವರೆಗೂ ನನ್ನನ್ನು ಮರ್ಯಾದೆಯಿಂದ ನೋಡಿದ.
ನಿಜ ಹೇಳಲು ನನ್ನಲ್ಲಿ ಮೂರು ಭಾಷೆ ಉಂಟು,
ಮೂರರಲ್ಲೂ ಈ ಕಾಯಿಲೆಗೆ ಹೆಸರಿಲ್ಲ.

ಅದಕ್ಕೂ ಮುಂಚೆ ಐದು ವರ್ಷ.
ಮೊದಲಿನ ಡಾಕ್ಟರು ಅನ್ನ ಬಿಡಿ ಎಂದರು, ಬಿಟ್ಟೆ.
ಎರಡನೆಯವರು ನಡೆಯಿರಿ ಎಂದರು,
ತೊಡೆ ನನ್ನದಲ್ಲ ಅನಿಸುವವರೆಗೆ ಪೈವಳಿಕೆಯ ಗುಡ್ಡ ಹತ್ತಿಳಿದೆ.
ಮೂರನೆಯವರು ಮನಸ್ಸಿಗೆ ಮಾತ್ರೆ ಬರೆದರು.
ಮದುವೆಮನೆಯಲ್ಲಿ ಅತ್ತಿಗೆ ತೋಳು ಚಿವುಟಿ
"ಗುಂಡಗೆ ಆಗಿದ್ದಿ ಮಾರಾಯ್ತಿ, ಸುಖ ಉಂಟು ನಿನಗೆ" ಅಂದಳು.
ಚಿವುಟಿದಲ್ಲಿ ಎರಡು ವಾರ ನೇರಳೆ ಹಣ್ಣಿನ ಬಣ್ಣ ನಿಂತಿತು.

ನನ್ನ ಕೆಲಸ ತೂಗುವುದು.
ಅಂಗನವಾಡಿಯ ಜಂತಿಗೆ ನೇತುಹಾಕಿದ ತಕ್ಕಡಿಯಲ್ಲಿ
ಕಾಲು ಬಡಿಯುವ ಮಕ್ಕಳನ್ನು ಕೂರಿಸಿ
ಹಸಿರು ಪಟ್ಟಿಯೊಳಗೆ ಚುಕ್ಕಿ ಇಡುವುದು.
ಚಾಪೆಯಿಂದ ಏಳಲಾಗದ ದಿನ
ನಾಲ್ಕು ವರ್ಷದ ಶಿಫಾನ ಕೈ ಕೊಟ್ಟು ಎಳೆಯುತ್ತ ಕೇಳಿದಳು:
"ಟೀಚರೇ, ಹೊಟ್ಟೆಯಲ್ಲಿ ಪಾಪು ಉಂಟಾ?"
ಇಲ್ಲ.
"ಮತ್ತೆ ಯಾರುಂಟು?"

ಹೆರದ ಹೊಟ್ಟೆಯ ಮೇಲಿನ ಕೆನ್ನೇರಳೆ ಗೀರುಗಳನ್ನು
ನಾಲ್ಕನೆಯ ಡಾಕ್ಟರು ಬೆರಳಿನಿಂದ ಅಳೆದರು, ಬಹಳ ಹೊತ್ತು.
"ಹುಲಿ ಅಟ್ಟಿಸಿಕೊಂಡು ಬಂದಾಗ ಮೈ ಒಂದು ರಸ ಸುರಿಸುತ್ತದೆ,
ಹೋದ ಮೇಲೆ ನಿಲ್ಲಿಸುತ್ತದೆ.
ನಿಮ್ಮದು ನಿಂತಿಲ್ಲ."
ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ
ಸಾಸಿವೆಯಷ್ಟು ಗಂಟು ಇರಬಹುದು ಅಂದರು.
ಇರಬಹುದು. ಸ್ಕ್ಯಾನಿನಲ್ಲಿ ಕಾಣಲಿಲ್ಲ.
ಕಾಣದ್ದನ್ನು ಹುಡುಕಲು ತೊಡೆಸಂದಿನಿಂದ ತಲೆಯವರೆಗೆ ನಳಿಗೆ ಬಿಡುವವರು
ಒಂದು ರಾತ್ರಿ ಒಂದು ಹಗಲಿನ ರೈಲಿನಾಚೆ.
ಸರದಿ ಬರುವವರೆಗೆ ಮಾತ್ರೆ.

ಹೊಸಂಗಡಿಯ ಮೆಡಿಕಲ್ಲಿನವ ಚೀಟಿ ತಿರುಗಿಸಿ ನೋಡಿ
"ಇದು ಹುಳುಕಡ್ಡಿಗೆ ಕೊಡುವುದಲ್ಲವಾ ಅಕ್ಕ?"
ಅಂಗಡಿ ತುಂಬ ಜನ.
ಹೌದು ಅಂದೆ ಮತ್ತೆ.
ನನ್ನ ರೋಗಕ್ಕೆ ಸ್ವಂತ ಮದ್ದು ಇಲ್ಲಿ ಸಿಗುವುದಿಲ್ಲ,
ಬೇರೆ ರೋಗದ್ದನ್ನು ಸಾಲ ತಂದು ನುಂಗುತ್ತೇನೆ.

ಆಸ್ಪತ್ರೆಯ ಕೌಂಟರಿನಲ್ಲಿ ಗುರುತಿನ ಚೀಟಿ.
ಅದರಲ್ಲಿ ಕೆನ್ನೆಯೆಲುಬು ಎದ್ದು ಕಾಣುವ ಒಬ್ಬ ಹೆಂಗಸು,
ಗಾಜಿನ ಈಚೆ ನಾನು.
ಚಂದ್ರಮುಖಿ ಎಂದು ಹೆಣ್ಣನ್ನು ಹಾಡಿ ಹೊಗಳಿದವರು
ಹೀಗೆ ಬಿಗಿದು ಕೆಂಪಾದ ಹುಣ್ಣಿಮೆಯನ್ನು ಕಂಡಿರಲಿಕ್ಕಿಲ್ಲ,
ಅದಕ್ಕೆ ಗಲ್ಲದಲ್ಲಿ ಗಡ್ಡ ಚಿಗುರುವುದನ್ನಂತೂ ಇಲ್ಲವೇ ಇಲ್ಲ.
"ಇದು ನಿಮ್ಮ ತಂಗಿಯದಾ?"
ಚೀಟಿಯನ್ನು ಬೆಳಕಿಗೆ ಹಿಡಿದ, ಬಿಟ್ಟ.
"ಮತ್ತೆ ಈ ವಿಮೆ ಆ ಕಡೆಯದು. ಇಲ್ಲಿ ನಡೆಯುವುದಿಲ್ಲ."

ಮೊದಲ ಕ್ಯಾನಿನಲ್ಲಿ ಹೆಚ್ಚು ಬಂತು, ಎರಡನೆಯದರಲ್ಲಿ ಸರಿ.
ಆದ್ದರಿಂದ ಇದು ಮೂರನೆಯದು.
ನಮ್ಮಲ್ಲಿ ಫ್ರಿಜ್ಜಿಲ್ಲ.
ಬಂದರಿನ ಐಸ್ ಫ್ಯಾಕ್ಟರಿಯಿಂದ ಲೋಕಯ್ಯ
ಹೆಗಲ ಮೇಲೆ ಐಸು ಹೊತ್ತು ತಂದು
ಮೀನಿನ ಪೆಟ್ಟಿಗೆಯಲ್ಲಿ ಕ್ಯಾನನ್ನು ಕೂರಿಸಿದ್ದಾನೆ,
ಅಂಜಲಿಗೂ ಇಷ್ಟು ಉಪಚಾರ ಮಾಡಿದವನಲ್ಲ.

ನಡುರಾತ್ರಿ ಹನ್ನೆರಡಕ್ಕೆ
ಹತ್ತಿಯ ತುಂಡು ಜಗಿದು ಶೀಶೆಗೆ ಹಾಕಬೇಕು.
ನನ್ನನ್ನು ಎಬ್ಬಿಸಲು ಗಡಿಯಾರ ಹಿಡಿದು ಕೂತವ
ಕೂತಲ್ಲೇ ನಿದ್ದೆಹೋಗಿದ್ದಾನೆ, ಬಾಯಿ ತೆರೆದು,
ಮೈಯೆಲ್ಲ ಕತ್ತಲಿಗೆ ಒಪ್ಪಿಸಿ.
ಎಷ್ಟು ಸಲೀಸಾಗಿ ಆಗುತ್ತದೆ ಕೆಲವರೊಳಗೆ ರಾತ್ರಿ.

ಹನ್ನೊಂದು ಐವತ್ತೆಂಟು.
ಅವನ ಕೈಯಿಂದ ಗಡಿಯಾರ ಬಿಡಿಸಿಕೊಂಡೆ.
ಬಸ್ಸು ಆರೂವರೆಗೆ.
ಅದೇ ಕಂಡಕ್ಟರನಾದರೆ ಸೀಟು ಹಿಡಿದಿಟ್ಟಾನು.